ಭಾರತದ ಟೆಲಿವಿಷನ್ ಉದ್ಯಮದಲ್ಲಿ ಸ್ಪರ್ಧೆ ಮತ್ತು ಬದಲಾವಣೆ

ಭಾರತದಲ್ಲಿ ಟೆಲಿವಿಷನ್ ಪ್ರಸಾರವು 1959ರಲ್ಲಿ ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಮೊದಲ ಮೂರು ದಶಕಗಳ ಕಾಲ ಅದು ಪೂರ್ಣವಾಗಿ ಸರ್ಕಾರದ ಅಧೀನದಲ್ಲಿತ್ತು. 1991ರ ನಂತರ ಉಪಗ್ರಹ ವಾಹಿನಿಗಳ ಮೂಲಕ ಖಾಸಗಿ ಸ್ಪರ್ಧೆ ಪ್ರವೇಶಿಸಿತು. 2003ರಿಂದ ಮನೆಗೆ ನೇರವಾಗಿ ತಲುಪುವ ಉಪಗ್ರಹ ಸೇವೆಯೂ, 2015ರಿಂದೀಚೆಗೆ ಅಂತರಜಾಲದ ಮೂಲಕ ನಡೆಯುವ ಪ್ರಸಾರವೂ ಈ ಉದ್ಯಮದ ಸ್ವರೂಪವನ್ನು ಮತ್ತೆ ಮತ್ತೆ ಬದಲಿಸಿವೆ. ಪ್ರತಿಯೊಂದು ಹಂತದಲ್ಲಿಯೂ ಹೊಸ ತಂತ್ರಜ್ಞಾನವು ಹಳೆಯ ಒಡೆತನವನ್ನು ಸಡಿಲಿಸಿ ಹೊಸದೊಂದು ಒಡೆತನಕ್ಕೆ ದಾರಿ ಮಾಡಿಕೊಟ್ಟಿದೆ. ವೀಕ್ಷಕನಿಗೆ ಏನು ತಲುಪಬೇಕು, ಯಾವ ಭಾಷೆಯಲ್ಲಿ ತಲುಪಬೇಕು, ಅದಕ್ಕೆ ಎಷ್ಟು ಬೆಲೆ ತೆರಬೇಕು ಎಂಬುದನ್ನು ಯಾರು ನಿರ್ಧರಿಸುತ್ತಾರೆ ಎಂಬ ಪ್ರಶ್ನೆ ಈ ಇತಿಹಾಸದ ಉದ್ದಕ್ಕೂ ಕಾಣುತ್ತದೆ.

ಈ ಲೇಖನದಲ್ಲಿ 'ಟೆಲಿವಿಷನ್' ಎಂಬ ಪದವನ್ನು ಮಾಧ್ಯಮದ ಅರ್ಥದಲ್ಲಿಯೂ, 'ದೂರದರ್ಶನ' ಎಂಬ ಪದವನ್ನು ಆ ಹೆಸರಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಅರ್ಥದಲ್ಲಿಯೂ ಬಳಸಲಾಗಿದೆ.

ಏಕಸ್ವಾಮ್ಯದ ಕಾಲ

1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆಕಾಶವಾಣಿಯ ಒಂದು ಅಂಗವಾಗಿ ಟೆಲಿವಿಷನ್ ಪ್ರಸಾರ ಆರಂಭವಾಯಿತು. ಯುನೆಸ್ಕೋ ಸಂಸ್ಥೆಯ ನೆರವಿನಿಂದ ನಡೆದ ಈ ಪ್ರಯೋಗದ ಮುಖ್ಯ ಉದ್ದೇಶ ಶಿಕ್ಷಣ ಮತ್ತು ಸಮುದಾಯದ ಅಭಿವೃದ್ಧಿಯೇ ಹೊರತು ಮನರಂಜನೆಯಾಗಿರಲಿಲ್ಲ. 1965ರಲ್ಲಿ ದೈನಂದಿನ ಪ್ರಸಾರ ಶುರುವಾಯಿತು. 1967ರಲ್ಲಿ ರೈತರಿಗಾಗಿ 'ಕೃಷಿ ದರ್ಶನ' ಕಾರ್ಯಕ್ರಮ ಆರಂಭವಾಯಿತು. ಎರಡನೆಯ ಕೇಂದ್ರವು 1972ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. 1976ರಲ್ಲಿ ಟೆಲಿವಿಷನ್ ವಿಭಾಗವನ್ನು ಆಕಾಶವಾಣಿಯಿಂದ ಬೇರ್ಪಡಿಸಿ 'ದೂರದರ್ಶನ' ಎಂಬ ಪ್ರತ್ಯೇಕ ಸಂಸ್ಥೆಯನ್ನಾಗಿ ಮಾಡಲಾಯಿತು. ಜಾಹೀರಾತುಗಳಿಗೆ ಅವಕಾಶ ದೊರೆತದ್ದೂ ಅದೇ ವರ್ಷ.

ಉಪಗ್ರಹದ ಮೂಲಕ ಹಳ್ಳಿಗಳನ್ನು ತಲುಪುವ ಸಾಧ್ಯತೆಯನ್ನು ಪರೀಕ್ಷಿಸಲು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ 'ಸೈಟ್' ಎಂಬ ಯೋಜನೆ ನಡೆಯಿತು. ಇಸ್ರೋ ಸಂಸ್ಥೆಯು ಅಮೆರಿಕದ ನಾಸಾ ಸಂಸ್ಥೆಯಿಂದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ತಲುಪಿಸಿತು. ಆ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಂದಿನ ಗುಲ್ಬರ್ಗ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಇರಿಸಿದ ಪೆಟ್ಟಿಗೆಗಳ ಮುಂದೆ ಜನ ಗುಂಪುಗೂಡಿ ಕುಳಿತು ಕಾರ್ಯಕ್ರಮ ವೀಕ್ಷಿಸಿದರು. ರಾಜಧಾನಿ ಬೆಂಗಳೂರಿಗೆ ಟೆಲಿವಿಷನ್ ಬರುವುದಕ್ಕೆ ಮುನ್ನವೇ ರಾಜ್ಯದ ಈಶಾನ್ಯ ಭಾಗದ ಹಳ್ಳಿಗಳು ಅದನ್ನು ಕಂಡಿದ್ದವು ಎಂಬುದು ಈ ಇತಿಹಾಸದ ಒಂದು ವಿಶೇಷ.

1982ರ ಆಗಸ್ಟ್ 15ರಂದು ರಾಷ್ಟ್ರೀಯ ಕಾರ್ಯಕ್ರಮಗಳ ಪ್ರಸಾರ ಆರಂಭವಾಯಿತು. ಅದೇ ವರ್ಷ ದೆಹಲಿಯಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ವರ್ಣ ಪ್ರಸಾರವೂ ಬಂದಿತು. 1984ರಲ್ಲಿ 'ಹಮ್ ಲೋಗ್' ಧಾರಾವಾಹಿಯು ಪ್ರಾಯೋಜಿತ ಕಾರ್ಯಕ್ರಮಗಳ ಯುಗವನ್ನು ತೆರೆಯಿತು. ರಾಮಾನಂದ ಸಾಗರ್ ಅವರ 'ರಾಮಾಯಣ' (1987–88) ಮತ್ತು ಬಿ. ಆರ್. ಚೋಪ್ರಾ ಅವರ 'ಮಹಾಭಾರತ' (1988–90) ದೇಶದಾದ್ಯಂತ ಭಾನುವಾರದ ಬೆಳಗಿನ ದಿನಚರಿಯನ್ನೇ ಬದಲಿಸಿದವು. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಈ ಕಾಲದ್ದೇ ಆಗಿದ್ದು, ಅದರ ಚಿತ್ರೀಕರಣ ಬಹುಪಾಲು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ನಡೆಯಿತು.

ಈ ಕಾಲದಲ್ಲಿ ವೀಕ್ಷಕನಿಗೆ ಆಯ್ಕೆ ಎಂಬುದಿರಲಿಲ್ಲ. ಇದ್ದ ಒಂದು ವಾಹಿನಿಯನ್ನು ನೋಡಬೇಕು, ಇಲ್ಲವೇ ಪೆಟ್ಟಿಗೆಯನ್ನು ಆರಿಸಬೇಕು. ಸುದ್ದಿಯು ಸರ್ಕಾರದ ಧ್ವನಿಯಾಗಿದೆ ಎಂಬ ಟೀಕೆ ವ್ಯಾಪಕವಾಗಿತ್ತು. ರಾಷ್ಟ್ರೀಯ ಪ್ರಸಾರದ ಸಮಯದಲ್ಲಿ ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳಿಗೇ ಪ್ರಾಧಾನ್ಯವಿದ್ದುದರಿಂದ ಇತರ ಭಾಷೆಗಳ ಕಾರ್ಯಕ್ರಮಗಳಿಗೆ ದೊರೆಯುತ್ತಿದ್ದ ಅವಧಿ ಕಡಿಮೆ ಎಂಬ ಅಸಮಾಧಾನವೂ ದಕ್ಷಿಣದ ರಾಜ್ಯಗಳಲ್ಲಿತ್ತು. ಆದರೆ ಇದೇ ಏಕಸ್ವಾಮ್ಯದಿಂದಾಗಿ ಕೃಷಿ, ಆರೋಗ್ಯ, ಶಾಸ್ತ್ರೀಯ ಸಂಗೀತ, ಸಾಹಿತ್ಯ ಮೊದಲಾದ ವಿಷಯಗಳು ಲಾಭನಷ್ಟದ ಲೆಕ್ಕಕ್ಕೆ ಸಿಲುಕದೆ ಪ್ರಸಾರವಾಗುವುದೂ ಸಾಧ್ಯವಾಗಿತ್ತು.

ಉಪಗ್ರಹ ವಾಹಿನಿಗಳ ಆಗಮನ

1980ರ ದಶಕದ ಕೊನೆಯಲ್ಲಿ ನಗರಗಳ ವಸತಿ ಸಮುಚ್ಚಯಗಳಲ್ಲಿ ಸಣ್ಣ ಪ್ರಮಾಣದ ಕೇಬಲ್ ಜಾಲಗಳು ಹುಟ್ಟಿಕೊಂಡಿದ್ದವು. ಒಂದು ವಿಡಿಯೋ ಕ್ಯಾಸೆಟ್ ಯಂತ್ರದಿಂದ ಹಲವು ಮನೆಗಳಿಗೆ ತಂತಿ ಎಳೆದು ಚಲನಚಿತ್ರ ತೋರಿಸುವುದು ಇವುಗಳ ಕೆಲಸವಾಗಿತ್ತು. 1991ರ ಆರಂಭದಲ್ಲಿ ಕೊಲ್ಲಿ ಯುದ್ಧ ನಡೆದಾಗ ಅಮೆರಿಕದ ಸಿಎನ್ಎನ್ ವಾಹಿನಿ ಯುದ್ಧದ ದೃಶ್ಯಗಳನ್ನು ನೇರವಾಗಿ ಪ್ರಸಾರ ಮಾಡಿತು. ಭಾರತದ ಕೆಲವು ಹೋಟೆಲುಗಳೂ ಕೇಬಲ್ ಜಾಲಗಳೂ ಡಿಶ್ ಆಂಟೆನಾ ಅಳವಡಿಸಿ ಅದನ್ನು ತೋರಿಸಿದವು. ಅದೇ ವರ್ಷ ಹಾಂಗ್‌ಕಾಂಗ್ ಮೂಲದ ಸ್ಟಾರ್ ಟಿವಿ ಏಷ್ಯಾಸ್ಯಾಟ್-1 ಉಪಗ್ರಹದ ಮೂಲಕ ಪ್ರಸಾರ ಆರಂಭಿಸಿತು.

ಅಂದಿನ ಕಾನೂನು 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯನ್ನು ಆಧರಿಸಿತ್ತು. ದೇಶದೊಳಗಿನಿಂದ ಖಾಸಗಿಯವರು ಪ್ರಸಾರ ಮಾಡುವಂತಿರಲಿಲ್ಲ. ಆದರೆ ಆಕಾಶದಿಂದ ಇಳಿಯುವ ಸಂಕೇತವನ್ನು ತಡೆಯುವುದು ಕಾನೂನಿಗೆ ಸುಲಭವಾಗಿರಲಿಲ್ಲ. ಆದ್ದರಿಂದ ಆರಂಭದ ಖಾಸಗಿ ವಾಹಿನಿಗಳು ಕಾರ್ಯಕ್ರಮಗಳನ್ನು ಭಾರತದಲ್ಲಿ ತಯಾರಿಸಿ ವಿದೇಶದಿಂದ ಉಪಗ್ರಹಕ್ಕೆ ಕಳುಹಿಸುವ ಮಾರ್ಗವನ್ನು ಅನುಸರಿಸಿದವು. 1992ರ ಅಕ್ಟೋಬರ್ 2ರಂದು ಸುಭಾಷ್ ಚಂದ್ರ ಅವರ ಜೀ ಟಿವಿ ಆರಂಭವಾಯಿತು. 1993ರಲ್ಲಿ ತಮಿಳಿನ ಸನ್ ಟಿವಿ ಬಂದಿತು. ಅದೇ ವರ್ಷ ರೂಪರ್ಟ್ ಮರ್ಡೋಕ್ ಅವರ ಸಂಸ್ಥೆಯು ಸ್ಟಾರ್ ಟಿವಿಯ ಬಹುಪಾಲು ಷೇರುಗಳನ್ನು ಖರೀದಿಸಿತು. ದೂರದರ್ಶನವು ಪ್ರತಿಯಾಗಿ ಮಹಾನಗರಗಳ ವೀಕ್ಷಕರಿಗಾಗಿ 'ಡಿಡಿ ಮೆಟ್ರೊ' ಎಂಬ ಮನರಂಜನಾ ವಾಹಿನಿಯನ್ನು ರೂಪಿಸಿತು.

ಗಾಳಿಯ ಅಲೆಗಳು ಯಾರ ಸ್ವತ್ತು?

ಈ ಬದಲಾವಣೆಗೆ ಕಾನೂನಿನ ಅಡಿಪಾಯ ಒದಗಿಸಿದ್ದು ಒಂದು ಕ್ರಿಕೆಟ್ ಪಂದ್ಯಾವಳಿ. 1993ರ ಹೀರೋ ಕಪ್ ಪಂದ್ಯಗಳ ಪ್ರಸಾರದ ಹಕ್ಕನ್ನು ಬಂಗಾಳ ಕ್ರಿಕೆಟ್ ಸಂಸ್ಥೆಯು ವಿದೇಶಿ ಕಂಪನಿಯೊಂದಕ್ಕೆ ನೀಡಿದಾಗ ದೂರದರ್ಶನ ಮತ್ತು ಕೇಂದ್ರ ಸರ್ಕಾರ ಅದನ್ನು ವಿರೋಧಿಸಿದವು. ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1995ರ ಫೆಬ್ರವರಿ 9ರಂದು ನೀಡಿದ ತೀರ್ಪಿನಲ್ಲಿ ನ್ಯಾಯಾಲಯವು ಪ್ರಸಾರಕ್ಕೆ ಬಳಸುವ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಹೇಳಿತು. ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು, ಹಾಗೆಯೇ ಅವು ಕೆಲವೇ ಖಾಸಗಿಯವರ ಕೈಸೇರುವುದೂ ಸಲ್ಲದು, ಜನಹಿತಕ್ಕಾಗಿ ಸಾರ್ವಜನಿಕ ಪ್ರಾಧಿಕಾರವೊಂದು ಅವುಗಳನ್ನು ನಿಯಂತ್ರಿಸಬೇಕು ಎಂಬುದು ತೀರ್ಪಿನ ಸಾರ.

ಅದೇ ವರ್ಷ ಕೇಬಲ್ ಟೆಲಿವಿಷನ್ ಜಾಲಗಳ (ನಿಯಂತ್ರಣ) ಕಾಯ್ದೆ ಜಾರಿಗೆ ಬಂದಿತು. ಕೇಬಲ್ ನಿರ್ವಾಹಕರು ನೋಂದಣಿ ಮಾಡಿಸಿಕೊಳ್ಳುವುದು ಕಡ್ಡಾಯವಾಯಿತು. 1990ರಲ್ಲಿಯೇ ಅಂಗೀಕಾರವಾಗಿದ್ದ ಪ್ರಸಾರ ಭಾರತಿ ಕಾಯ್ದೆಯು 1997ರಲ್ಲಿ ಜಾರಿಯಾಗಿ, ದೂರದರ್ಶನ ಮತ್ತು ಆಕಾಶವಾಣಿಗಳು ಸ್ವಾಯತ್ತ ನಿಗಮವೊಂದರ ಅಡಿಗೆ ಬಂದವು.

ಕನ್ನಡ ವಾಹಿನಿಗಳ ಬೆಳವಣಿಗೆ

ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿ ಉದಯ ಟಿವಿ 1994ರಲ್ಲಿ ಆರಂಭವಾಯಿತು. ಕನ್ನಡ ಚಲನಚಿತ್ರಗಳು, ಚಿತ್ರಗೀತೆಗಳು ಮತ್ತು ಸುದ್ದಿಯ ಮೂಲಕ ಅದು ಶೀಘ್ರವಾಗಿ ಮನೆಮಾತಾಯಿತು. 2000ದ ಡಿಸೆಂಬರ್‌ನಲ್ಲಿ ಹೈದರಾಬಾದ್ ಮೂಲದ ಈನಾಡು ಸಮೂಹದ ಈಟಿವಿ ಕನ್ನಡ ಬಂದಿತು. 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ ವಾಹಿನಿಗಳು ಸೇರಿಕೊಂಡವು. 2006ರ ಕೊನೆಯಲ್ಲಿ ದಿನದ 24 ಗಂಟೆಯೂ ಸುದ್ದಿ ಬಿತ್ತರಿಸುವ ಟಿವಿ9 ಕನ್ನಡ ಆರಂಭವಾಯಿತು. 2015ರಲ್ಲಿ ಈಟಿವಿ ಕನ್ನಡವು ಕಲರ್ಸ್ ಕನ್ನಡ ಎಂದೂ, 2016ರಲ್ಲಿ ಸುವರ್ಣವು ಸ್ಟಾರ್ ಸುವರ್ಣ ಎಂದೂ ಹೆಸರು ಬದಲಿಸಿಕೊಂಡವು. ಒಡೆತನವು ರಾಷ್ಟ್ರಮಟ್ಟದ ಮತ್ತು ಬಹುರಾಷ್ಟ್ರೀಯ ಸಂಸ್ಥೆಗಳಿಗೆ ಹೋದುದನ್ನು ಈ ಹೆಸರುಗಳೇ ತೋರಿಸುತ್ತವೆ.

ಸ್ಪರ್ಧೆಯು ಕಾರ್ಯಕ್ರಮಗಳ ಸ್ವರೂಪವನ್ನು ಬದಲಿಸಿತು. ಟಿ. ಎನ್. ಸೀತಾರಾಮ್ ಅವರ 'ಮಾಯಾಮೃಗ' ಧಾರಾವಾಹಿಯು 1990ರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ಪ್ರಸಾರವಾಗಿ ಜನಪ್ರಿಯವಾಯಿತು. ಅವರ ಮುಂದಿನ ಧಾರಾವಾಹಿಗಳಾದ 'ಮನ್ವಂತರ' ಮತ್ತು 'ಮುಕ್ತ' ಈಟಿವಿ ಕನ್ನಡದಲ್ಲಿ ಬಂದವು. ಪ್ರತಿಭಾವಂತರು ಸಾರ್ವಜನಿಕ ವಾಹಿನಿಯಿಂದ ಖಾಸಗಿ ವಾಹಿನಿಗೆ ಸಾಗಿದ ಕ್ರಮಕ್ಕೆ ಇದೊಂದು ಉದಾಹರಣೆ. ಮುಂದೆ ಬೇರೆ ಭಾಷೆಗಳಲ್ಲಿ ಯಶಸ್ವಿಯಾದ ಕಾರ್ಯಕ್ರಮಗಳ ಮಾದರಿಗಳನ್ನು ಕನ್ನಡಕ್ಕೆ ತರುವ ರೂಢಿ ಬೆಳೆಯಿತು. ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ 'ಕನ್ನಡದ ಕೋಟ್ಯಧಿಪತಿ' (2012) ಮತ್ತು ಸುದೀಪ್ ನಡೆಸಿಕೊಟ್ಟ 'ಬಿಗ್ ಬಾಸ್ ಕನ್ನಡ' (2013) ಈ ಬಗೆಯವು.

ಇದರ ನಡುವೆ ದೂರದರ್ಶನದ ಚಂದನ ವಾಹಿನಿಯು ತನ್ನದೇ ದಾರಿಯಲ್ಲಿ ಉಳಿದುಕೊಂಡಿತು. 2002ರಲ್ಲಿ ಆರಂಭವಾದ, ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುವ 'ಥಟ್ ಅಂತ ಹೇಳಿ' ರಸಪ್ರಶ್ನೆ ಕಾರ್ಯಕ್ರಮದಲ್ಲಿ ಸರಿಯುತ್ತರಕ್ಕೆ ಹಣವನ್ನಲ್ಲದೆ ಪುಸ್ತಕವನ್ನು ಬಹುಮಾನವಾಗಿ ನೀಡಲಾಗುತ್ತದೆ. ಸಾವಿರಾರು ಕಂತುಗಳನ್ನು ದಾಟಿದ ಈ ಕಾರ್ಯಕ್ರಮವು, ಹೆಚ್ಚು ಹಣ ಹೂಡುವವರ ನಡುವೆಯೂ ಸರಳ ಕಾರ್ಯಕ್ರಮವೊಂದು ಬಾಳಬಲ್ಲದು ಎಂಬುದಕ್ಕೆ ನಿದರ್ಶನವಾಗಿದೆ.

ಆದಾಯದ ಎರಡು ಮೂಲಗಳು

ಟೆಲಿವಿಷನ್ ವಾಹಿನಿಗೆ ಮುಖ್ಯವಾಗಿ ಎರಡು ಬಗೆಯ ಆದಾಯವಿರುತ್ತದೆ. ಮೊದಲನೆಯದು ಜಾಹೀರಾತು, ಎರಡನೆಯದು ಚಂದಾ ಹಣ.

ಜಾಹೀರಾತಿನ ದರವು ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆ ಎಂಬುದನ್ನು ಅವಲಂಬಿಸಿದೆ. ಇದನ್ನು ಅಳೆಯಲು ಆಯ್ದ ಕೆಲವು ಮನೆಗಳಲ್ಲಿ ಮಾಪಕ ಯಂತ್ರಗಳನ್ನು ಅಳವಡಿಸಿ, ಅಲ್ಲಿ ದೊರೆತ ಮಾಹಿತಿಯ ಆಧಾರದ ಮೇಲೆ ಇಡೀ ಪ್ರದೇಶದ ವೀಕ್ಷಣೆಯನ್ನು ಅಂದಾಜು ಮಾಡುತ್ತಾರೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡುವ ಕ್ರಮವೇ ಇಲ್ಲಿಯೂ ಇದೆ. ಜನಸಾಮಾನ್ಯರು ಇದನ್ನು 'ಟಿಆರ್‌ಪಿ' ಎಂದು ಕರೆಯುತ್ತಾರೆ. 2015ರಿಂದ ಈ ಕೆಲಸವನ್ನು 'ಬಾರ್ಕ್' ಎಂಬ ಸಂಸ್ಥೆ ನಡೆಸುತ್ತಿದೆ. ಪ್ರಸಾರಕರು, ಜಾಹೀರಾತುದಾರರು ಮತ್ತು ಜಾಹೀರಾತು ಸಂಸ್ಥೆಗಳು ಸೇರಿ ಇದನ್ನು ಸ್ಥಾಪಿಸಿದ್ದಾರೆ. ಗ್ರಾಮೀಣ ಮನೆಗಳೂ ಅಳತೆಗೆ ಸೇರಿದ ನಂತರ ಹಳ್ಳಿಗಳ ವೀಕ್ಷಕರ ಅಭಿರುಚಿಗೆ ಮಾರುಕಟ್ಟೆಯಲ್ಲಿ ತೂಕ ಬಂದಿತು.

ಮಾಪಕವಿರುವ ಮನೆಗಳ ಸಂಖ್ಯೆ ಕಡಿಮೆಯಿರುವುದರಿಂದ ಈ ಪದ್ಧತಿಯಲ್ಲಿ ಅಕ್ರಮಕ್ಕೆ ಅವಕಾಶವಿದೆ. ಕೆಲವೇ ಮನೆಗಳವರಿಗೆ ಆಮಿಷವೊಡ್ಡಿದರೂ ಫಲಿತಾಂಶ ವ್ಯತ್ಯಾಸವಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಮುಂಬಯಿ ಪೊಲೀಸರು ಇಂತಹ ಆರೋಪಗಳ ತನಿಖೆ ಆರಂಭಿಸಿದಾಗ ಬಾರ್ಕ್ ಸಂಸ್ಥೆಯು ಸುದ್ದಿ ವಾಹಿನಿಗಳ ವಾರದ ಅಂಕಿಅಂಶ ಪ್ರಕಟಣೆಯನ್ನು ನಿಲ್ಲಿಸಿತು. ಅದು ಪುನಃ ಆರಂಭವಾದದ್ದು 2022ರ ಮಾರ್ಚ್‌ನಲ್ಲಿ. ವಾರ ವಾರವೂ ಪ್ರಕಟವಾಗುವ ಈ ಅಂಕಿಗಳ ಒತ್ತಡವೇ ಸುದ್ದಿಯಲ್ಲಿ ಗದ್ದಲ ಮತ್ತು ಅತಿರಂಜನೆ ಹೆಚ್ಚಲು ಕಾರಣ ಎಂಬ ಅಭಿಪ್ರಾಯ ಮಾಧ್ಯಮ ವಿಮರ್ಶಕರಲ್ಲಿದೆ.

ಕೇಬಲ್‌ನಿಂದ ಸೆಟ್-ಟಾಪ್ ಬಾಕ್ಸ್‌ಗೆ

ಚಂದಾ ಹಣದ ಕಥೆ ಬೇರೆ ಬಗೆಯದು. ಬೀದಿಯ ಕೇಬಲ್ ನಿರ್ವಾಹಕನು ಪ್ರತಿ ತಿಂಗಳು ಮನೆಮನೆಯಿಂದ ಹಣ ಸಂಗ್ರಹಿಸಿ ಅದರ ಒಂದು ಪಾಲನ್ನು ವಾಹಿನಿಗಳಿಗೆ ಸಲ್ಲಿಸಬೇಕಿತ್ತು. ಹಳೆಯ ಅನಲಾಗ್ ಪದ್ಧತಿಯಲ್ಲಿ ಎಷ್ಟು ಮನೆಗಳಿಗೆ ಸಂಪರ್ಕವಿದೆ ಎಂಬುದನ್ನು ಪರಿಶೀಲಿಸಲು ದಾರಿಯಿರಲಿಲ್ಲ. ಇದರಿಂದ ವಾಹಿನಿಗಳಿಗೂ ತೆರಿಗೆಯ ರೂಪದಲ್ಲಿ ಸರ್ಕಾರಕ್ಕೂ ನಷ್ಟವಾಗುತ್ತಿತ್ತು. ಒಂದು ತಂತಿಯಲ್ಲಿ ಸಾಗಬಲ್ಲ ವಾಹಿನಿಗಳ ಸಂಖ್ಯೆಗೂ ಮಿತಿಯಿತ್ತು.

2003ರಲ್ಲಿ ಡಿಶ್ ಟಿವಿಯ ಮೂಲಕ ಡಿಟಿಎಚ್ ಸೇವೆ, ಅಂದರೆ ಉಪಗ್ರಹದಿಂದ ನೇರವಾಗಿ ಮನೆಯ ಛಾವಣಿಯ ಮೇಲಿನ ಸಣ್ಣ ಡಿಶ್‌ಗೆ ಸಂಕೇತ ತಲುಪಿಸುವ ವ್ಯವಸ್ಥೆ, ಆರಂಭವಾಯಿತು. 2004ರ ಡಿಸೆಂಬರ್‌ನಲ್ಲಿ ದೂರದರ್ಶನವು ಮಾಸಿಕ ಚಂದಾ ಇಲ್ಲದ ಡಿಟಿಎಚ್ ಸೇವೆಯನ್ನು ಆರಂಭಿಸಿತು. ಇದು ಮುಂದೆ 'ಡಿಡಿ ಫ್ರೀ ಡಿಶ್' ಎಂದು ಹೆಸರಾಯಿತು. ತಂತಿ ಎಳೆಯಲಾಗದ ಒಂಟಿ ಮನೆಗಳಿಗೂ, ಮಲೆನಾಡಿನಂತಹ ಗುಡ್ಡಗಾಡು ಪ್ರದೇಶಗಳಿಗೂ ಡಿಟಿಎಚ್‌ನಿಂದ ಅನುಕೂಲವಾಯಿತು.

2011ರ ಕಾನೂನು ತಿದ್ದುಪಡಿಯ ಪ್ರಕಾರ ಕೇಬಲ್ ಜಾಲವನ್ನು ನಾಲ್ಕು ಹಂತಗಳಲ್ಲಿ ಡಿಜಿಟಲ್ ಪದ್ಧತಿಗೆ ಪರಿವರ್ತಿಸಲಾಯಿತು. ಮೊದಲ ಹಂತದಲ್ಲಿ ನಾಲ್ಕು ಮಹಾನಗರಗಳು ಸೇರಿದವು. ಬೆಂಗಳೂರು ಮತ್ತು ಮೈಸೂರು ಎರಡನೆಯ ಹಂತದ 38 ನಗರಗಳಲ್ಲಿದ್ದವು. ಆ ಹಂತದ ಗಡುವು 2013ರ ಮಾರ್ಚ್ 31. ಪ್ರತಿ ಮನೆಗೂ ಸೆಟ್-ಟಾಪ್ ಬಾಕ್ಸ್ ಕಡ್ಡಾಯವಾಯಿತು. ಸಂಪರ್ಕಗಳ ಲೆಕ್ಕ ಪಾರದರ್ಶಕವಾಯಿತು, ಚಿತ್ರದ ಗುಣಮಟ್ಟ ಸುಧಾರಿಸಿತು. ಆದರೆ ಸ್ವಂತ ದುಡಿಮೆಯಿಂದ ಬಡಾವಣೆಯ ಜಾಲ ಕಟ್ಟಿದ್ದ ಸಣ್ಣ ನಿರ್ವಾಹಕರು ದೊಡ್ಡ ವಿತರಣಾ ಕಂಪನಿಗಳ ಅಧೀನರಾದರು. ಡಿಜಿಟಲ್ ಉಪಕರಣಗಳಿಗೆ ಬೇಕಾದ ಬಂಡವಾಳ ಹೂಡಲಾರದ ಅನೇಕರು ಕೇವಲ ಹಣ ಸಂಗ್ರಹಿಸುವ, ತಂತಿ ದುರಸ್ತಿ ಮಾಡುವ ಪ್ರತಿನಿಧಿಗಳಾಗಿ ಉಳಿದರು.

2019ರ ಫೆಬ್ರವರಿ 1ರಿಂದ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ರೂಪಿಸಿದ ಹೊಸ ದರ ಪದ್ಧತಿ ಜಾರಿಗೆ ಬಂದಿತು. ಇದರಂತೆ 100 ವಾಹಿನಿಗಳವರೆಗಿನ ಸಂಪರ್ಕಕ್ಕೆ ತಿಂಗಳಿಗೆ ಗರಿಷ್ಠ 130 ರೂಪಾಯಿ ಶುಲ್ಕ ನಿಗದಿಯಾಯಿತು. ಶೇಕಡ 18ರ ತೆರಿಗೆ ಸೇರಿದಾಗ ಇದು 153 ರೂಪಾಯಿ 40 ಪೈಸೆಯಾಗುತ್ತಿತ್ತು. ಉಚಿತವಲ್ಲದ ವಾಹಿನಿಗಳಿಗೆ ಅವುಗಳದೇ ಬೆಲೆಯನ್ನು ಪ್ರತ್ಯೇಕವಾಗಿ ತೆರಬೇಕು. ಬೇಕಾದ ವಾಹಿನಿಗೆ ಮಾತ್ರ ಹಣ ಕೊಡುವ ಸ್ವಾತಂತ್ರ್ಯ ನೀಡುವುದು ಇದರ ಉದ್ದೇಶವಾಗಿತ್ತು. ಆದರೆ ವಾಹಿನಿಗಳು ಬಿಡಿಯಾಗಿ ಹೆಚ್ಚು ಬೆಲೆಯನ್ನೂ ಗುಂಪಾಗಿ ಕಡಿಮೆ ಬೆಲೆಯನ್ನೂ ನಿಗದಿಪಡಿಸಿದ್ದರಿಂದ ಬಹಳಷ್ಟು ಕುಟುಂಬಗಳು ಮತ್ತೆ ಗುಂಪುಗಳನ್ನೇ ಆರಿಸಿಕೊಂಡವು. ಟ್ರಾಯ್ ಈ ನಿಯಮಗಳನ್ನು ಮುಂದಿನ ವರ್ಷಗಳಲ್ಲಿ ತಿದ್ದುಪಡಿ ಮಾಡಬೇಕಾಯಿತು.

ಡಬ್ಬಿಂಗ್ ವಿವಾದ

ಸ್ಪರ್ಧೆಯ ಪ್ರಶ್ನೆಯು ಕರ್ನಾಟಕದಲ್ಲಿ ವಿಶೇಷವಾಗಿ ಡಬ್ಬಿಂಗ್ ವಿಚಾರದಲ್ಲಿ ಎದುರಾಯಿತು. 1960ರ ದಶಕದಿಂದ ಕನ್ನಡ ಚಿತ್ರರಂಗದಲ್ಲಿ ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡದಿರುವ ಕಟ್ಟುಪಾಡು ಇತ್ತು. ಇದಕ್ಕೆ ಯಾವ ಕಾನೂನಿನ ಬೆಂಬಲವೂ ಇರಲಿಲ್ಲ. ಇದು ಚಿತ್ರೋದ್ಯಮದವರು ತಾವೇ ಹಾಕಿಕೊಂಡ ನಿರ್ಬಂಧ. ಮುಂದೆ ಅದು ಟೆಲಿವಿಷನ್ ಧಾರಾವಾಹಿಗಳಿಗೂ ಅನ್ವಯವಾಯಿತು. 2012ರಲ್ಲಿ ಆಮೀರ್ ಖಾನ್ ಅವರ 'ಸತ್ಯಮೇವ ಜಯತೇ' ಕಾರ್ಯಕ್ರಮವು ತಮಿಳು, ತೆಲುಗು, ಮಲಯಾಳಂ ಮೊದಲಾದ ಭಾಷೆಗಳಲ್ಲಿ ಪ್ರಸಾರವಾದರೂ ಕನ್ನಡದ ವಾಹಿನಿಯಲ್ಲಿ ಪ್ರಸಾರವಾಗಲಿಲ್ಲ.

ಡಬ್ಬಿಂಗ್ ವಿರೋಧಿಗಳ ವಾದ ಹೀಗಿತ್ತು: ಹೆಚ್ಚು ಬಂಡವಾಳದಲ್ಲಿ ತಯಾರಾದ ಪರಭಾಷೆಯ ಕಾರ್ಯಕ್ರಮಗಳು ಅಗ್ಗದ ಬೆಲೆಗೆ ಬಂದರೆ ಕನ್ನಡದ ಕಲಾವಿದರು, ಬರಹಗಾರರು ಮತ್ತು ತಂತ್ರಜ್ಞರು ಕೆಲಸ ಕಳೆದುಕೊಳ್ಳುತ್ತಾರೆ, ಕನ್ನಡದ ಸ್ವಂತ ಕಥನ ಪರಂಪರೆ ಸೊರಗುತ್ತದೆ. ಡಬ್ಬಿಂಗ್ ಪರವಾದವರ ವಾದ ಇದಕ್ಕೆ ಎದುರಾದದ್ದು: ಕನ್ನಡದಲ್ಲಿ ದೊರೆಯದಿದ್ದರೆ ಕನ್ನಡಿಗರು ಅದನ್ನು ಬೇರೆ ಭಾಷೆಯಲ್ಲಿ ನೋಡುತ್ತಾರೆ, ಹೀಗೆ ನಷ್ಟವಾಗುವುದು ಕನ್ನಡ ಭಾಷೆಗೇ, ವಿಜ್ಞಾನ, ವನ್ಯಜೀವಿ ಮತ್ತು ಮಕ್ಕಳ ಕಾರ್ಯಕ್ರಮಗಳನ್ನು ತಾಯ್ನುಡಿಯಲ್ಲಿ ನೋಡುವುದು ಗ್ರಾಹಕನ ಹಕ್ಕು.

ಕನ್ನಡ ಗ್ರಾಹಕರ ಕೂಟವು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ನೀಡಿತು. 2015ರ ಜುಲೈನಲ್ಲಿ ಆಯೋಗವು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತಿತರ ಸಂಘಗಳು ಸ್ಪರ್ಧಾ ಕಾಯ್ದೆಯನ್ನು ಉಲ್ಲಂಘಿಸಿವೆ ಎಂದು ತೀರ್ಮಾನಿಸಿ ದಂಡ ವಿಧಿಸಿತು. ಹಿಂದಿಯ 'ಮಹಾಭಾರತ' ಧಾರಾವಾಹಿಯನ್ನು ಬಂಗಾಳಿಗೆ ಡಬ್ ಮಾಡುವುದನ್ನು ಅಲ್ಲಿನ ಕಲಾವಿದರ ಸಮಿತಿ ವಿರೋಧಿಸಿದ ಪ್ರಕರಣದಲ್ಲಿ 2017ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯವೂ ಇಂತಹ ಸಂಘಟಿತ ತಡೆಯು ಸ್ಪರ್ಧೆಗೆ ವಿರುದ್ಧವಾದುದೆಂದು ಹೇಳಿತು. 2020ರ ಲಾಕ್‌ಡೌನ್ ಸಮಯದಲ್ಲಿ ಧಾರಾವಾಹಿಗಳ ಚಿತ್ರೀಕರಣ ನಿಂತುಹೋದಾಗ ಸ್ಟಾರ್ ಸುವರ್ಣ ವಾಹಿನಿಯು 'ಮಹಾಭಾರತ'ದ ಕನ್ನಡ ಡಬ್ಬಿಂಗ್ ಆವೃತ್ತಿಯನ್ನು ಪ್ರಸಾರ ಮಾಡಿತು. ನಂತರ ಡಬ್ಬಿಂಗ್ ಸಾಮಾನ್ಯವಾಯಿತು. ಡಬ್ಬಿಂಗ್ ಕಂಠದಾನ ಕಲಾವಿದರಿಗೆ ಇದರಿಂದ ಹೊಸ ಉದ್ಯೋಗ ದೊರೆತಿದೆ. ಮೂಲ ಕನ್ನಡ ಕೃತಿಗಳ ಮೇಲೆ ಇದರ ಪರಿಣಾಮವೇನು ಎಂಬ ಚರ್ಚೆ ಮಾತ್ರ ಮುಗಿದಿಲ್ಲ.

ಅಂತರಜಾಲದ ಪ್ರವೇಶ

ಕೇಬಲ್ ಅಥವಾ ಡಿಶ್ ನೆರವಿಲ್ಲದೆ ಅಂತರಜಾಲದ ಮೂಲಕ ಚಿತ್ರ, ಧಾರಾವಾಹಿಗಳನ್ನು ತಲುಪಿಸುವ ಸೇವೆಗಳನ್ನು 'ಓಟಿಟಿ' ಎಂದು ಕರೆಯಲಾಗುತ್ತದೆ. 2015ರ ಫೆಬ್ರವರಿಯಲ್ಲಿ ಹಾಟ್‌ಸ್ಟಾರ್, 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆಜಾನ್ ಪ್ರೈಮ್ ವಿಡಿಯೋ ಭಾರತದಲ್ಲಿ ಆರಂಭವಾದವು. ಈ ಬದಲಾವಣೆಗೆ ವೇಗ ನೀಡಿದ್ದು 2016ರ ಸೆಪ್ಟೆಂಬರ್ 5ರಂದು ಆರಂಭವಾದ ರಿಲಯನ್ಸ್ ಜಿಯೋ ಸೇವೆ. ಅದರ ಆರಂಭಿಕ ಉಚಿತ ಕೊಡುಗೆಗಳಿಂದ ದೂರಸಂಪರ್ಕ ಕ್ಷೇತ್ರದಲ್ಲಿ ದರ ಸಮರ ಉಂಟಾಗಿ ಡೇಟಾ ಬೆಲೆ ತೀವ್ರವಾಗಿ ಇಳಿಯಿತು. ಮನೆಗೊಂದು ಟಿವಿ ಎಂಬ ಸ್ಥಿತಿಯಿಂದ ಕೈಗೊಂದು ತೆರೆ ಎಂಬ ಸ್ಥಿತಿಗೆ ಸಮಾಜವು ಕೆಲವೇ ವರ್ಷಗಳಲ್ಲಿ ಸಾಗಿತು.

2020ರ ಲಾಕ್‌ಡೌನ್ ಈ ಪ್ರವೃತ್ತಿಯನ್ನು ಗಟ್ಟಿಗೊಳಿಸಿತು. ಚಿತ್ರಮಂದಿರಗಳು ಮುಚ್ಚಿದ್ದ ಆ ಜುಲೈನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್ ಸಂಸ್ಥೆಯ 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ಚಿತ್ರಗಳು ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾದವು. ಅದೇ ಅವಧಿಯಲ್ಲಿ ದೂರದರ್ಶನವು ಮೂರು ದಶಕಗಳ ಹಿಂದಿನ 'ರಾಮಾಯಣ'ವನ್ನು ಮರುಪ್ರಸಾರ ಮಾಡಿ ಅಪಾರ ವೀಕ್ಷಕರನ್ನು ಗಳಿಸಿತು. ಹೊಸ ಮಾಧ್ಯಮ ಬಂದೊಡನೆ ಹಳೆಯದು ಅಳಿಯುವುದಿಲ್ಲ ಎಂಬುದನ್ನು ಇದು ತೋರಿಸಿತು.

ಓಟಿಟಿ ಸೇವೆಗಳಿಗೆ ಚಲನಚಿತ್ರಗಳಂತೆ ಪೂರ್ವ ಸೆನ್ಸಾರ್ ಇಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ ಅವು ವಯಸ್ಸಿನ ಆಧಾರದ ಮೇಲೆ ಕಾರ್ಯಕ್ರಮಗಳನ್ನು ವರ್ಗೀಕರಿಸಬೇಕು ಮತ್ತು ದೂರುಗಳನ್ನು ಪರಿಹರಿಸುವ ವ್ಯವಸ್ಥೆ ಹೊಂದಿರಬೇಕು.

ಕ್ರಿಕೆಟ್ ಹಕ್ಕುಗಳ ಪೈಪೋಟಿ

ಧಾರಾವಾಹಿಯನ್ನು ಮರುದಿನ ನೋಡಬಹುದು. ಕ್ರಿಕೆಟ್ ಪಂದ್ಯವನ್ನು ಜನ ಆಗಲೇ ನೋಡಬಯಸುತ್ತಾರೆ. ಆದ್ದರಿಂದ ನೇರ ಪ್ರಸಾರದ ಕ್ರೀಡೆಯು ಈ ಉದ್ಯಮದ ಅತ್ಯಂತ ದುಬಾರಿ ಸರಕಾಗಿದೆ. 2018ರಿಂದ 2022ರವರೆಗಿನ ಐಪಿಎಲ್ ಹಕ್ಕುಗಳನ್ನು ಸ್ಟಾರ್ ಸಂಸ್ಥೆ 16,347.5 ಕೋಟಿ ರೂಪಾಯಿಗೆ ಪಡೆದಿತ್ತು. 2023ರಿಂದ 2027ರವರೆಗಿನ ಹಕ್ಕುಗಳು 2022ರ ಜೂನ್‌ನಲ್ಲಿ ಒಟ್ಟು 48,390 ಕೋಟಿ ರೂಪಾಯಿಗೆ ಹರಾಜಾದವು. ಇದು ಹಿಂದಿನದರ ಸುಮಾರು ಮೂರು ಪಟ್ಟು.

ಈ ಹರಾಜಿನಲ್ಲಿ ಟೆಲಿವಿಷನ್ ಮತ್ತು ಡಿಜಿಟಲ್ ಹಕ್ಕುಗಳನ್ನು ಬೇರೆ ಬೇರೆಯಾಗಿ ಮಾರಲಾಯಿತು. ಭಾರತದ ಟೆಲಿವಿಷನ್ ಹಕ್ಕು 23,575 ಕೋಟಿ ರೂಪಾಯಿಗೆ ಡಿಸ್ನಿ ಸ್ಟಾರ್ ಪಾಲಾಯಿತು. ಡಿಜಿಟಲ್ ಹಕ್ಕು 20,500 ಕೋಟಿ ರೂಪಾಯಿಗೆ ವಯಾಕಾಮ್18 ಪಾಲಾಯಿತು. ಎರಡರ ಬೆಲೆಯೂ ಹತ್ತಿರ ಹತ್ತಿರ ಬಂದದ್ದು ಅಂತರಜಾಲವು ಟೆಲಿವಿಷನ್‌ಗೆ ಸರಿಸಮನಾಗಿ ನಿಂತಿತೆಂಬುದರ ಸೂಚನೆಯಾಗಿತ್ತು. 2023ರಲ್ಲಿ ವಯಾಕಾಮ್18 ತನ್ನ ಜಿಯೋಸಿನಿಮಾ ಮೂಲಕ ಐಪಿಎಲ್ ಪಂದ್ಯಗಳನ್ನು ಉಚಿತವಾಗಿ ತೋರಿಸಿತು. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ವೀಕ್ಷಕ ವಿವರಣೆ ದೊರೆಯಿತು.

ದೇಶದ ಪಾಲಿಗೆ ಮಹತ್ವದ ಪಂದ್ಯಗಳು ಹಣ ಕೊಡಲಾರದವರಿಗೂ ಸಿಗಬೇಕೆಂಬ ಉದ್ದೇಶದಿಂದ 2007ರಲ್ಲಿ ಒಂದು ಕಾಯ್ದೆ ಮಾಡಲಾಗಿದೆ. ಅದರಂತೆ ಸರ್ಕಾರ ಗೊತ್ತುಪಡಿಸಿದ ಪಂದ್ಯಗಳ ಸಂಕೇತವನ್ನು ಖಾಸಗಿ ಪ್ರಸಾರಕರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು.

ವಿಲೀನಗಳು

ಪೈಪೋಟಿಯ ವೆಚ್ಚ ಹೆಚ್ಚಿದಂತೆ ಪ್ರತಿಸ್ಪರ್ಧಿಗಳು ಒಂದಾಗುವ ಪ್ರವೃತ್ತಿ ಕಾಣಿಸಿಕೊಂಡಿತು. 2021ರಲ್ಲಿ ಪ್ರಕಟವಾದ ಜೀ ಮತ್ತು ಸೋನಿ ಸಂಸ್ಥೆಗಳ ವಿಲೀನ ಯೋಜನೆಯು 2024ರ ಜನವರಿಯಲ್ಲಿ ಮುರಿದುಬಿತ್ತು. ಆದರೆ ರಿಲಯನ್ಸ್ ಸಮೂಹದ ವಯಾಕಾಮ್18 ಮತ್ತು ಡಿಸ್ನಿಯ ಸ್ಟಾರ್ ಇಂಡಿಯಾ ನಡುವಿನ ವಿಲೀನವು ಸ್ಪರ್ಧಾ ಆಯೋಗದ ಷರತ್ತುಬದ್ಧ ಒಪ್ಪಿಗೆ ಪಡೆದು 2024ರ ನವೆಂಬರ್ 14ರಂದು ಪೂರ್ಣಗೊಂಡಿತು. ಹೊಸ ಸಂಸ್ಥೆಯ ಮೌಲ್ಯ 70,352 ಕೋಟಿ ರೂಪಾಯಿ ಎಂದು ಘೋಷಿಸಲಾಯಿತು. 2025ರ ಫೆಬ್ರವರಿ 14ರಂದು ಜಿಯೋಸಿನಿಮಾ ಮತ್ತು ಡಿಸ್ನಿ+ ಹಾಟ್‌ಸ್ಟಾರ್ ಸೇರಿ 'ಜಿಯೋಹಾಟ್‌ಸ್ಟಾರ್' ಆಯಿತು.

2022ರಲ್ಲಿ ಐಪಿಎಲ್‌ಗಾಗಿ ಪರಸ್ಪರ ಸ್ಪರ್ಧಿಸಿದ್ದ ಎರಡು ಸಂಸ್ಥೆಗಳು ಹೀಗೆ ಒಂದೇ ಸೂರಿನಡಿ ಬಂದವು. ಕನ್ನಡದ ಮಟ್ಟಿಗೆ ಇದರ ಅರ್ಥವೆಂದರೆ, ಹಿಂದೆ ಎದುರಾಳಿಗಳಾಗಿದ್ದ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ವಾಹಿನಿಗಳಿಗೆ ಈಗ ಒಂದೇ ಒಡೆತನ. ವೀಕ್ಷಕರಿಗೆ ಕಾಣುವ ವಾಹಿನಿಗಳ ಸಂಖ್ಯೆ ಕಡಿಮೆಯಾಗದಿದ್ದರೂ ಅವುಗಳ ಹಿಂದಿರುವ ಒಡೆಯರ ಸಂಖ್ಯೆ ಕಡಿಮೆಯಾಗಬಹುದು ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. ಕಾರ್ಯಕ್ರಮ ತಯಾರಕರಿಗೆ ಮತ್ತು ಜಾಹೀರಾತುದಾರರಿಗೆ ವ್ಯವಹರಿಸಲು ದೊರೆಯುವ ಸಂಸ್ಥೆಗಳು ಕಡಿಮೆಯಾದಷ್ಟೂ ಅವರ ಚೌಕಾಸಿಯ ಶಕ್ತಿ ಕುಗ್ಗುತ್ತದೆ.

ಪರಿಣಾಮಗಳು

ಸ್ಪರ್ಧೆಯಿಂದ ವೀಕ್ಷಕರಿಗೆ ಆಯ್ಕೆ ಹೆಚ್ಚಿತು, ಸುದ್ದಿಯ ಮೇಲೆ ಸರ್ಕಾರದ ಹಿಡಿತ ಸಡಿಲವಾಯಿತು, ಪ್ರಾದೇಶಿಕ ಭಾಷೆಗಳಿಗೆ ತಮ್ಮದೇ ವಾಹಿನಿಗಳು ದೊರೆತವು. ನಟನೆ, ಬರವಣಿಗೆ, ಸಂಕಲನ, ಛಾಯಾಗ್ರಹಣ ಮೊದಲಾದ ಕ್ಷೇತ್ರಗಳಲ್ಲಿ ಕನ್ನಡದ ಸಾವಿರಾರು ಜನರಿಗೆ ಜೀವನೋಪಾಯವಾಯಿತು. ಯೂಟ್ಯೂಬ್‌ನಂತಹ ವೇದಿಕೆಗಳಿಂದಾಗಿ ಸಣ್ಣ ಊರಿನ ವ್ಯಕ್ತಿಯೂ ಯಾವ ವಾಹಿನಿಯ ಹಂಗಿಲ್ಲದೆ ಕನ್ನಡದಲ್ಲಿ ಕಾರ್ಯಕ್ರಮ ಮಾಡುವಂತಾಯಿತು. ಯಕ್ಷಗಾನ, ಕೃಷಿ, ಅಡುಗೆ, ಪಾಠ ಪ್ರವಚನಗಳು ವಿದೇಶದಲ್ಲಿರುವ ಕನ್ನಡಿಗರಿಗೂ ತಲುಪುತ್ತಿವೆ.

ಇನ್ನೊಂದು ಬದಿಯಲ್ಲಿ, ಜಾಹೀರಾತು ತರದ ವಿಷಯಗಳಿಗೆ ಖಾಸಗಿ ವಾಹಿನಿಗಳಲ್ಲಿ ಸ್ಥಳ ಕಿರಿದಾಯಿತು. ಮನೆಮಂದಿಯೆಲ್ಲ ಕೂಡಿ ನೋಡುವ ರೂಢಿ ಕಡಿಮೆಯಾಯಿತು. ಹಲವು ಸೇವೆಗಳ ಚಂದಾ ಸೇರಿ ಕುಟುಂಬದ ಖರ್ಚು ಏರಿತು. ಅಂತರಜಾಲದ ವೇದಿಕೆಗಳಲ್ಲಿ ಯಾರಿಗೆ ಏನನ್ನು ತೋರಿಸಬೇಕೆಂಬುದನ್ನು ಗಣಕದ ಲೆಕ್ಕಾಚಾರ ನಿರ್ಧರಿಸುತ್ತದೆ. ಆ ಲೆಕ್ಕಾಚಾರದ ನಿಯಮಗಳು ವೀಕ್ಷಕರಿಗೆ ತಿಳಿದಿರುವುದಿಲ್ಲ.

ತರಂಗಗಳು ಸಾರ್ವಜನಿಕರ ಸ್ವತ್ತು ಎಂಬ 1995ರ ತೀರ್ಪಿನ ತತ್ತ್ವವು ಆಕಾಶದ ಮೂಲಕ ನಡೆಯುವ ಪ್ರಸಾರವನ್ನು ಕುರಿತು ಹೇಳಿದ್ದಾಗಿತ್ತು. ಈಗ ಪ್ರಸಾರದ ದೊಡ್ಡ ಭಾಗ ಖಾಸಗಿ ಕಂಪನಿಗಳ ಅಂತರಜಾಲ ವೇದಿಕೆಗಳ ಮೂಲಕ ಸಾಗುತ್ತಿದೆ. ಏಕಸ್ವಾಮ್ಯವು ಸರ್ಕಾರದ್ದಾಗಲಿ, ಖಾಸಗಿಯವರದ್ದಾಗಲಿ ಜನಹಿತಕ್ಕೆ ತಕ್ಕುದಲ್ಲ ಎಂಬ ಆ ತೀರ್ಪಿನ ಆಶಯವನ್ನು ಹೊಸ ಮಾಧ್ಯಮಕ್ಕೆ ಹೇಗೆ ಅನ್ವಯಿಸಬೇಕು ಎಂಬುದು ಇಂದು ಶಾಸಕಾಂಗ, ನಿಯಂತ್ರಣ ಪ್ರಾಧಿಕಾರಗಳು ಮತ್ತು ವೀಕ್ಷಕರ ಮುಂದಿರುವ ಮುಖ್ಯ ಪ್ರಶ್ನೆಯಾಗಿದೆ.